ಅಂಗಡಿಯಲ್ಲಿ ಶರಬತ್ತಿನ ರುಚಿ ತೋರಿಸುವುದು ಹೇಗೆ: ಒಂದು ಗುಟುಕಿನಿಂದ ಬಿಲ್ ಕೌಂಟರ್‌ವರೆಗೆ

ಹುಬ್ಬಳ್ಳಿ ವಿದ್ಯಾನಗರದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ನಾವು ಮೊದಲ ಸಲ ಕೋಕಂ ಶರಬತ್ತಿನ ಟೇಬಲ್ ಹಾಕಿದಾಗ ಸಂಜೆತನಕ ಜನವೋ ಜನ. ಬಾಟಲಿಗಳೂ ಪರವಾಗಿಲ್ಲ ಅನ್ನುವಷ್ಟು ಹೋದವು. ಮುಂದಿನ ವಾರ ಅದೇ ಅಂಗಡಿಗೆ ಹೋದರೆ ಒಬ್ಬರು ಅಕ್ಕ ಸೀದಾ ಟೇಬಲ್ ಹತ್ತಿರ ಬಂದರು. "ಅಂಗಡಿಯಾಗ ಕುಡದದ್ದ ಬ್ಯಾರೆ, ಮನಿಯಾಗ ಮಾಡಿದ್ದ ಬ್ಯಾರೆ ಆತ್ರೀ" ಅಂದರು. ತಪ್ಪು ನಮ್ಮದೇ. ಒಂದು ಪಾಲು ಶರಬತ್ತಿಗೆ ಐದು ಪಾಲು ನೀರು ಅಂತ ಬಾಟಲಿ ಮೇಲೆ ಅಚ್ಚು ಹಾಕಿಸಿದ್ದೆವು. ಟೇಬಲ್ ಮೇಲೆ ಮಾತ್ರ ರುಚಿ ಗಟ್ಟಿಯಾಗಿ ಬರಲಿ ಅಂತ ಮೂರೇ ಪಾಲು ನೀರು ಹಾಕಿದ್ದೆವು.

ಆ ಒಂದು ಮಾತಿನಿಂದ ನನಗೆ ಈ ಕೆಲಸ ಏನು ಅಂತ ಅರ್ಥವಾಯಿತು. ಗಿರಾಕಿ ಕಪ್ ಹಿಡಿದು ನಿಂತಾಗ "ಚೆನ್ನಾಗಿದೆಯಾ" ಅಂತ ಮಾತ್ರ ಯೋಚನೆ ಮಾಡುತ್ತಿರುವುದಿಲ್ಲ. "ಇದು ನಮ್ಮ ಮನೆಯಲ್ಲಿ ಖರ್ಚಾಗ್ತದಾ, ಇಲ್ಲಾ ಫ್ರಿಜ್ ಬಾಗಿಲಲ್ಲಿ ಕೂತು ಹಳಸ್ತದಾ" ಅಂತ ಲೆಕ್ಕ ಹಾಕುತ್ತಿರುತ್ತಾರೆ. ಟೇಬಲ್ ಮೇಲೆ ನೀವು ಮಾಡುವ ಪ್ರತಿಯೊಂದು ಕೆಲಸ ಆ ಪ್ರಶ್ನೆಗೆ ಉತ್ತರ ಕೊಡಬೇಕು. ಬರೀ ಪುಕ್ಕಟೆ ಕುಡಿಸುವುದಾದರೆ ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟರೂ ಆಯಿತು, ಪುಣ್ಯವಾದರೂ ಬರುತ್ತದೆ.

ಶರಬತ್ತನ್ನೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಮಜ್ಜಿಗೆ, ಹಣ್ಣಿನ ರಸ, ಹೊಸ ಚಹಾಪುಡಿ, ರಾಗಿ ಮಾಲ್ಟ್ ಯಾವುದಕ್ಕಾದರೂ ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡರೆ ಸಾಕು.

ಮೊದಲು ಅಂಗಡಿಯವರ ಜೊತೆ ಮಾತು

ಟೇಬಲ್ ಹಾಕುವ ಒಂದು ವಾರ ಮೊದಲು ಮಾಲೀಕರನ್ನೋ ಮ್ಯಾನೇಜರ್‌ರನ್ನೋ ಕಂಡು ಬನ್ನಿ. ಫೋನಲ್ಲಿ ಮುಗಿಸಬೇಡಿ. ನಮ್ಮ ಕಡೆ ಒಂದು ಕಪ್ ಚಹಾ ಕುಡಿದು ಮಾತಾಡಿದರೇ ಕೆಲಸ ಕೂಡುವುದು. ಟೇಬಲ್ ಎಲ್ಲಿ, ಎಷ್ಟು ಹೊತ್ತು, ರುಚಿಗೆ ಒಡೆಯುವ ಬಾಟಲಿ ಯಾರ ಲೆಕ್ಕಕ್ಕೆ, ಕಸ ಯಾರು ತೆಗೆಯಬೇಕು ಅನ್ನುವುದನ್ನು ಆಗಲೇ ಬಿಡಿಸಿ ಮಾತಾಡಿ. ಸಾಮಾನ್ಯವಾಗಿ ರುಚಿಯ ಬಾಟಲಿ ತಯಾರಕರ ಖರ್ಚು. ಅಂಗಡಿಯ ರ‍್ಯಾಕಿನಿಂದ ತೆಗೆದು ಒಡೆಯಬೇಡಿ, ನಿಮ್ಮದೇ ಬೇರೆ ತನ್ನಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಸ್ಟಾಕ್ ತಾಳೆಯಾಗದೆ ಮನಸ್ತಾಪ ಆಗುತ್ತದೆ.

ಎರಡು ವಿಷಯ ಯಾರೂ ಕೇಳುವುದಿಲ್ಲ, ನೀವು ಕೇಳಿ. ಒಂದು, ನಿಮ್ಮ ಬಾಟಲಿಯ ಬಾರ್‌ಕೋಡ್ ಅವರ ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ ಏರಿದೆಯಾ? ಸುಮ್ನೆ ಕೇಳಿ ಬಿಡಬೇಡಿ. ಒಂದು ಬಾಟಲಿ ಹಿಡಿದು ಕೌಂಟರ್‌ಗೆ ಹೋಗಿ ಬೀಪ್ ಅನ್ನಿಸಿ ನೋಡಿ. ಭಾನುವಾರ ಸಂಜೆ ಹಿಂದೆ ಏಳು ಮಂದಿ ನಿಂತಿರುವಾಗ ಕೋಡ್ ಹತ್ತದಿದ್ದರೆ ಗಿರಾಕಿ "ಇರ್ಲಿ ಬಿಡ್ರಿ" ಅಂತ ಬಾಟಲಿಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಎರಡನೆಯದು, ರ‍್ಯಾಕಿನಲ್ಲಿ ಎಷ್ಟು ಬಾಟಲಿ ಇವೆ? ಧಾರವಾಡದ ಒಂದು ಅಂಗಡಿಯಲ್ಲಿ ಸಂಜೆ ಏಳಕ್ಕೇ ನಮ್ಮ ಬಾಟಲಿ ಮುಗಿದವು. ಜಗ್ಗಿನಲ್ಲಿ ಇನ್ನೂ ಎರಡು ಲೀಟರ್ ಶರಬತ್ತು ಇತ್ತು. ಆಮೇಲೆ ಕುಡಿದವರೆಲ್ಲ "ಎಲ್ಲೈತ್ರಿ ಬಾಟ್ಲಿ?" ಅಂತ ಕೇಳಿ ಹೋದರು. ಅವತ್ತಿನ ಹೊಟ್ಟೆ ಉರಿ ಈಗಲೂ ನೆನಪಿದೆ.

ಕಾಗದಪತ್ರ ಸರಿ ಇರಲಿ. ನೀವೇ ತಯಾರಿಸುವವರಾದರೆ ಎಫ್‌ಎಸ್‌ಎಸ್‌ಎಐ (ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಲೈಸೆನ್ಸ್ ಬೇಕು. ಅದರ 14 ಅಂಕಿಯ ನಂಬರು, ತಯಾರಾದ ದಿನ, ಎಷ್ಟು ದಿನ ಬಾಳುತ್ತದೆ ಅನ್ನುವುದು ಬಾಟಲಿ ಮೇಲೆ ಕಾಣಬೇಕು. ಮಹಿಳಾ ಸಂಘಗಳ ಮಾಲು ಎಷ್ಟೋ ಕಡೆ ರುಚಿಯಲ್ಲಿ ಗೆದ್ದು ಲೇಬಲ್ಲಿನಲ್ಲಿ ಸೋಲುತ್ತದೆ. ಓದುವ ಗಿರಾಕಿ ಈಗ ಜಾಸ್ತಿ. ಬಾಟಲಿ ತಿರುಗಿಸಿ ನೋಡಿಯೇ ಬುಟ್ಟಿಗೆ ಹಾಕುತ್ತಾರೆ.

ದಿನ ಮತ್ತು ಹೊತ್ತು

ತಿಂಗಳ ಮೊದಲ ಹತ್ತು ದಿನದೊಳಗಿನ ಶನಿವಾರ, ಭಾನುವಾರ. ಸಂಬಳ ಆಗಿರುತ್ತದೆ, ತಿಂಗಳ ಕಿರಾಣಿ ಸಾಮಾನಿಗೆ ಮನೆಯವರೆಲ್ಲ ಸೇರಿ ಬರುತ್ತಾರೆ. ಬೆಳಿಗ್ಗೆ 11ರಿಂದ 1, ಸಂಜೆ 5.30ರಿಂದ 8.30. ಮಧ್ಯಾಹ್ನ ಹುಬ್ಬಳ್ಳಿ ಮಲಗಿರುತ್ತದೆ, ಧಾರವಾಡವಂತೂ ಕೇಳಲೇಬೇಡಿ.

ಶರಬತ್ತಿಗೆ ಶಿವರಾತ್ರಿ ಮುಗಿದ ಮೇಲೆ ಶುರು ಮಾಡಿ. ಚಳಿ ಶಿವ ಶಿವ ಅಂತ ಹೋದ ಮೇಲೆ ತಂಪು ಬೇಕು ಅಂತ ಜನಕ್ಕೇ ಅನ್ನಿಸುತ್ತದೆ. ಏಪ್ರಿಲ್ ನಡುವೆ ಶುರು ಮಾಡಿದರೆ ತಡವಾಯಿತು. ಅಷ್ಟೊತ್ತಿಗೆ ಮನೆಗೆ ಬೇರೆ ಯಾವುದೋ ಬಾಟಲಿ ಬಂದಿರುತ್ತದೆ. ರಂಜಾನ್ ತಿಂಗಳಲ್ಲಿ ಹಗಲು ರೋಜಾ ಇರುವವರಿಗೆ ಕಪ್ ನೀಡಲು ಹೋಗಬೇಡಿ. ಮನೆಗೆ ಒಯ್ಯುವುದಾದರೆ ಬಾಟಲಿ ಇಲ್ಲಿದೆ ಅಂತ ತೋರಿಸಿ. ಸಂಜೆ ಉಪವಾಸ ಬಿಡುವಾಗ ಶರಬತ್ತು ಬೇಕೇ ಬೇಕು, ಅವರು ತೆಗೆದುಕೊಳ್ಳುತ್ತಾರೆ.

ಎಷ್ಟು ಬಗೆ ಇಡಬೇಕು

ನಮ್ಮಲ್ಲಿ ಆರು ಬಗೆ ಇವೆ ಅಂತ ಆರನ್ನೂ ಇಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಬಗೆ ಜಾಸ್ತಿ ಇದ್ದರೆ ಮಾರಾಟವೂ ಜಾಸ್ತಿ ಅಂತೇನಿಲ್ಲ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅನ್ನುವ ಸಂಶೋಧಕರು ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ದಿನಸಿ ಅಂಗಡಿಯಲ್ಲಿ ಜಾಮ್ ಇಟ್ಟು ನೋಡಿದರು. ಅದನ್ನು 2000ದಲ್ಲಿ ಪ್ರಕಟಿಸಿದರು. 24 ಬಗೆ ಇಟ್ಟಾಗ ಹಾದುಹೋಗುವವರಲ್ಲಿ ಶೇಕಡಾ 60ರಷ್ಟು ಮಂದಿ ನಿಂತರು. ಆದರೆ ನಿಂತವರಲ್ಲಿ ಕೊಂಡವರು ಶೇಕಡಾ 3 ಮಾತ್ರ. ಆರು ಬಗೆ ಇಟ್ಟಾಗ ನಿಂತವರು ಶೇಕಡಾ 40, ಅವರಲ್ಲಿ ಕೊಂಡವರು ಶೇಕಡಾ 30. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಪ್ರತಿ ಸಲವೂ ಹೀಗೇ ಬಂದಿಲ್ಲ. ಹಾಗಾಗಿ ಅದನ್ನು ವೇದವಾಕ್ಯ ಅಂದುಕೊಳ್ಳಬೇಕಿಲ್ಲ. ನನ್ನ ಅನುಭವದಲ್ಲಿ ಎರಡು ಬಗೆ ಸರಿ, ಮೂರು ಹೆಚ್ಚೆಂದರೆ. ಎರಡು ಇದ್ದರೆ ಗಿರಾಕಿ "ಇದಾ ಅದಾ" ಅಂತ ಯೋಚಿಸುತ್ತಾರೆ. ಒಂದೇ ಇದ್ದರೆ "ಬೇಕಾ ಬೇಡಾ" ಅಂತ ಯೋಚಿಸುತ್ತಾರೆ. ಅಲ್ಲೇ ವ್ಯತ್ಯಾಸ ಇರುವುದು.

ಸೌಮ್ಯವಾದದ್ದು ಮೊದಲು, ಖಡಕ್ ಆದದ್ದು ಆಮೇಲೆ. ಲಿಂಬು ಆದ ಮೇಲೆ ಕೋಕಂ ಕೊಡಿ. ಜೀರಿಗೆ, ಉಪ್ಪು, ಮೆಣಸು ಬಿದ್ದದ್ದು ಕೊನೆಗೆ. ನಡುವೆ ಬಾಯಿ ತಿಳಿಯಾಗಲು ಒಂದು ಗುಟುಕು ನೀರು, ಜೊತೆಗೆ ನಾಲ್ಕು ಕಾಳು ಒಗ್ಗರಣೆ ಹಾಕದ ಬರೀ ಚುರಮರಿ. ಬಿಸ್ಕತ್ತು ಬೇಡ, ಅದರ ಸಿಹಿ ಶರಬತ್ತಿನ ಸಿಹಿಯನ್ನು ತಿಂದುಬಿಡುತ್ತದೆ. ಇನ್ನೊಂದು ಮಾತು: ಸಂಜೆ ಆರರ ಮೇಲೆ ಬರುವವರಲ್ಲಿ ಎಷ್ಟೋ ಮಂದಿ ಗಿರ್ಮಿಟ್ ಮಿರ್ಚಿಯಂಥ ಖಾರದ ತಿಂಡಿ ಮುಗಿಸಿಯೇ ಬಂದಿರುತ್ತಾರೆ. ಅವರ ನಾಲಿಗೆಗೆ ಏಲಕ್ಕಿಯ ಘಮ ಎಲ್ಲಿ ಹತ್ತಬೇಕು? ಅವರಿಗೆ ಮೊದಲು ನೀರು ಕೊಡಿ.

ಹೆಸರಿನ ವಿಷಯದಲ್ಲೂ ಎಚ್ಚರ. ಕರಾವಳಿಯಲ್ಲಿ ಪುನರ್ಪುಳಿ, ಶಿರಸಿ ಕಡೆ ಮುರುಗಲು ಅನ್ನುವುದೇ ಹುಬ್ಬಳ್ಳಿಯಲ್ಲಿ ಕೋಕಂ. ಬೋರ್ಡಿನ ಮೇಲೆ ಊರವರು ಕರೆಯುವ ಹೆಸರನ್ನೇ ಬರೆಯಿರಿ.

ಕಲಸುವುದು

ಇಡೀ ಕೆಲಸದ ಜೀವ ಇಲ್ಲಿದೆ. ಬಾಟಲಿ ಮೇಲೆ ಬರೆದ ಅಳತೆಯನ್ನೇ ಟೇಬಲ್ ಮೇಲೂ ಹಿಡಿಯಿರಿ. ಆ ಅಳತೆಗೆ ರುಚಿ ಸಪ್ಪೆ ಅನ್ನಿಸಿದರೆ ಕಪ್ಪಿನಲ್ಲಿ ಗಟ್ಟಿ ಮಾಡಬೇಡಿ, ಲೇಬಲ್ ಬದಲಾಯಿಸಿ. ನಾವು ಮುಂದಿನ ಅಚ್ಚಿನಲ್ಲಿ ಐದು ಪಾಲನ್ನು ನಾಲ್ಕು ಮಾಡಿದೆವು. ಅಳತೆಯ ಲೋಟ ಗಿರಾಕಿಗೆ ಕಾಣುವಂತೆ ಇರಲಿ. ಅವರ ಎದುರಿಗೇ ಕಲಸಿದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಹೇಗೆ ಮಾಡಬೇಕು ಅಂತ ಬಾಯಲ್ಲಿ ಹೇಳುವ ಕೆಲಸವೇ ಉಳಿಯುವುದಿಲ್ಲ.

ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಆದ್ದರಿಂದ ಬೆಳಿಗ್ಗೆ ಬೆಚ್ಚಗಿನ ಶರಬತ್ತು ರುಚಿ ನೋಡಿ "ಭೇಷ್" ಅನ್ನಬೇಡಿ. ಕೊಡುವಾಗ ಎಷ್ಟು ತಂಪು ಇರುತ್ತದೋ ಅಷ್ಟೇ ತಂಪು ಮಾಡಿ ನೋಡಿ. ಮಂಜುಗಡ್ಡೆಯನ್ನು ಜಗ್ಗಿನೊಳಗೆ ಹಾಕಿದರೆ ಕರಗಿ ಒಂದು ಗಂಟೆಯಲ್ಲಿ ಶರಬತ್ತು ನೀರಾಗುತ್ತದೆ. ಜಗ್ಗನ್ನೇ ಐಸ್ ತುಂಬಿದ ಡಬ್ಬದೊಳಗೆ ಕೂರಿಸಿ. ಅವಳಿನಗರಕ್ಕೆ ಮಲಪ್ರಭೆಯ ನೀರು ಬರುವುದು ಹೌದು, ಆದರೆ ಕ್ಲೋರಿನ್ ವಾಸನೆ ಹೊಡೆಯುವ ದಿನ ಕೋಕಂ ಕೆಟ್ಟ ಔಷಧಿಯಂತಾಗುತ್ತದೆ. ಶುದ್ಧೀಕರಿಸಿದ ಕುಡಿಯುವ ನೀರಿನ ಕ್ಯಾನ್ ತನ್ನಿ, ಐಸೂ ಅದೇ ನೀರಿನದಾಗಲಿ.

ಕೋಕಂ, ಲಿಂಬು, ಮಜ್ಜಿಗೆ ಮೂರೂ ಹುಳಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಬಾರದು. ಸ್ಟೀಲ್ ಅಥವಾ ಗಾಜು. ತಾಮ್ರದ ಹಂಡೆ ನೋಡಲು ಚೆಂದ ಅಂತ ಕೆಲವರು ಇಡುತ್ತಾರೆ, ಬೇಡವೇ ಬೇಡ. ಹಾಲು ಮೊಸರಿನದ್ದಾದರೆ 5 ಡಿಗ್ರಿಗಿಂತ ಕೆಳಗೆ ಇಡಿ. ಹೊರಗೆ ಎರಡು ಗಂಟೆ ಕಳೆದದ್ದನ್ನು ಚೆಲ್ಲಿ. ಬಿಸಿ ಪಾನೀಯವಾದರೆ 60 ಡಿಗ್ರಿಗಿಂತ ಮೇಲಿರಬೇಕು, ಆದರೆ ಕಪ್ ಕೈಗೆ ಕೊಡುವ ಮೊದಲು ಒಂದು ಕ್ಷಣ ಆರಿಸಿ.

ಟೇಬಲ್ ಎಲ್ಲಿ

ಬಾಗಿಲ ಬಳಿ ಬೇಡ. ಒಳಗೆ ಬಂದವರ ಮನಸ್ಸು ಇನ್ನೂ ಚೀಟಿಯ ಮೇಲಿರುತ್ತದೆ. ಜೊತೆಗೆ ಬಾಗಿಲಲ್ಲಿ ಇಟ್ಟರೆ ಹಾದಿ ಹೋಕರೆಲ್ಲ ಬಂದು ಕುಡಿದು ಹೋಗುತ್ತಾರೆ. ಕಾಲೇಜು ಹುಡುಗರು ಮೂರು ಸುತ್ತು ಬಂದದ್ದನ್ನು ನೋಡಿದ್ದೇನೆ. ಅಕ್ಕಿ, ಬೇಳೆ, ಎಣ್ಣೆ ಬುಟ್ಟಿಗೆ ಬಿದ್ದ ಮೇಲೆ, ಬಿಲ್ ಕೌಂಟರ್ ಬರುವ ಮೊದಲು ಸಿಗುವ ತಿರುವು ಸರಿಯಾದ ಜಾಗ. ನಿಮ್ಮ ಬಾಟಲಿಯ ರ‍್ಯಾಕ್ ಕೈಗೆ ಎಟಕುವಷ್ಟು ಹತ್ತಿರ ಇರಬೇಕು. ಇಲ್ಲದಿದ್ದರೆ ಇಪ್ಪತ್ತು ಬಾಟಲಿ ಟೇಬಲ್ ಪಕ್ಕದಲ್ಲೇ ಜೋಡಿಸಿ.

ವಾಸನೆ ನೋಡಿ. ಊದುಬತ್ತಿ, ಸೋಪು, ಫಿನಾಯಿಲ್ ಇರುವ ಸಾಲಿನ ಪಕ್ಕ ನಿಂತರೆ ನಿಮ್ಮ ಶರಬತ್ತಿಗೂ ಮೈಸೋಪಿನ ಘಮ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಸಡಿಲವಾಗಿ ತೂಗುವ ಜಾಗವೂ ಬೇಡ, ಗುಟುಕಿನ ನಡುವೆ ಕೆಮ್ಮು ಬರುತ್ತದೆ. ತಳ್ಳುಬುಟ್ಟಿಗಳು ಓಡಾಡಲು ದಾರಿ ಬಿಡಿ. ದಾರಿ ಕಟ್ಟಿದರೆ ಅಂಗಡಿಯವರು ಎರಡನೇ ಸಲ ಕರೆಯುವುದಿಲ್ಲ.

ಎಂಜಲಿನ ಮಾತು

ನಮ್ಮ ಕಡೆ ಕುಡಿಯುವುದಕ್ಕೆ ಹಿಂಜರಿಯುವವರಲ್ಲಿ ಅರ್ಧ ಮಂದಿಗೆ ರುಚಿಯ ಚಿಂತೆ ಇಲ್ಲ, ಎಂಜಲಿನ ಚಿಂತೆ. ಕಪ್ ಹೊಸದು ಅಂತ ಕಣ್ಣಿಗೆ ಕಾಣಬೇಕು. ಕಪ್ಪುಗಳನ್ನು ಬೋರಲು ಹಾಕಿ ಮುಚ್ಚಿಡಿ, ಗಿರಾಕಿ ಬಂದ ಮೇಲೆಯೇ ಒಂದೊಂದಾಗಿ ತೆಗೆದು ಸುರಿಯಿರಿ. ಮೊದಲೇ ಮೂವತ್ತು ಕಪ್ ತುಂಬಿಟ್ಟರೆ ಕೆಲಸ ಸುಲಭ, ಆದರೆ ಅದರಲ್ಲಿ ಒಂದು ನೊಣ ಕೂತರೆ ಮುಗಿಯಿತು. ಹಿರಿಯರಲ್ಲಿ ಬಹಳ ಮಂದಿ ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾರೆ. ಅದಕ್ಕೆ ಕಪ್ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. 60 ಮಿಲಿ ಕಪ್ಪಿಗೆ 25ರಿಂದ 30 ಮಿಲಿ ಸರಿ. ಕುಡಿದ ಕಪ್ ಹಾಕುವ ಡಬ್ಬಿಗೆ ಮುಚ್ಚಳ ಇರಲಿ, ಟೇಬಲ್‌ನಿಂದ ನಾಲ್ಕು ಹೆಜ್ಜೆ ದೂರ ಇರಲಿ. ಕುಡಿದ ಕಪ್ಪು, ಕುಡಿಯದ ಕಪ್ಪು ಒಂದೇ ಕಡೆ ಕಂಡರೆ ಯಾರೂ ಹತ್ತಿರ ಬರುವುದಿಲ್ಲ.

ಪ್ಲಾಸ್ಟಿಕ್ ಕಪ್ಪು, ಸ್ಟ್ರಾ ತರಬೇಡಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಕಪ್, ಲೋಟ, ಸ್ಟ್ರಾ ದೇಶದಾದ್ಯಂತ ನಿಷೇಧ. ಪೇಪರ್ ಕಪ್ ತನ್ನಿ.

ಕರೆಯುವುದು, ಆಮೇಲೆ ಸುಮ್ಮನಿರುವುದು

"ಸರ್, ಫ್ರೀ ಸ್ಯಾಂಪಲ್" ಅಂತ ಕೂಗಿದರೆ ಜನ ದೂರ ಸರಿಯುತ್ತಾರೆ. ಕುಡಿದರೆ ತಗೋಬೇಕಾಗುತ್ತದೆ ಅನ್ನುವ ಸಂಕೋಚ. ಅದನ್ನು ಮೊದಲ ಮಾತಿನಲ್ಲೇ ತೆಗೆದುಹಾಕಿ: "ಬರ್ರೀ ಅಕ್ಕಾರ, ಒಂದ ಗುಟುಕ ನೋಡ್ರಿ, ತಗೋಬೇಕಂತ ಏನಿಲ್ಲ." ವಯಸ್ಸಾದವರಿಗೆ ಕಾಕಾ, ಅಜ್ಜಾರ, ಅಮ್ಮಾರ. ಮಕ್ಕಳಿಗೆ ನೇರವಾಗಿ ಕಪ್ ಚಾಚಬೇಡಿ. ಮೊದಲು ತಾಯಿಯನ್ನು ಕೇಳಿ. ಮಗುವಿಗೆ ಶೀತ ಇರಬಹುದು. ಕೇಳದೆ ಕೊಟ್ಟರೆ ಮಗು ಕುಡಿಯುತ್ತದೆ, ತಾಯಿ ಸಿಟ್ಟಾಗುತ್ತಾರೆ, ಬಾಟಲಿ ರ‍್ಯಾಕಿನಲ್ಲೇ ಉಳಿಯುತ್ತದೆ.

ಗುಟುಕು ಬಾಯಿಗೆ ಹೋದ ಮೇಲೆ ಬಾಯಿ ಮುಚ್ಚಿಕೊಳ್ಳಿ. ಹೊಸಬರಿಗೆ ಇದೇ ಕಷ್ಟ. "ಹೆಂಗೈತ್ರಿ, ಚಲೋ ಐತಲ್ರಿ, ಎಲ್ಲಾ ನ್ಯಾಚುರಲ್ ರೀ" ಅಂತ ಒಂದೇ ಉಸಿರಲ್ಲಿ ಸುರಿಸುತ್ತಾರೆ. ನಾಲಿಗೆಗೆ ಮೂರು ನಾಲ್ಕು ಸೆಕೆಂಡ್ ಬಿಡುವು ಬೇಕು. ಮುಖ ನೋಡಿ. ಹುಬ್ಬು ಏರಿತಾ, ಕಪ್ಪಿನೊಳಗೆ ಇನ್ನೊಮ್ಮೆ ಇಣುಕಿದರಾ, ಪಕ್ಕದ ಗಂಡನಿಗೋ ಅತ್ತೆಗೋ ಕಪ್ ದಾಟಿಸಿದರಾ? ದಾಟಿಸಿದರೆ ಅರ್ಧ ಗೆದ್ದಿರಿ. ಕೂಡಲೇ ಅವರಿಗೆ ಬೇರೆ ಕಪ್ ಕೊಡಿ.

ಆಮೇಲೆ ಒಂದೇ ಪ್ರಶ್ನೆ: "ಮನಿಯಾಗ ಎಷ್ಟ ಮಂದಿ ಇದ್ದೀರಿ?" ಅವರು ನಾಲ್ಕು ಅಂದರೆ ಲೆಕ್ಕ ಕೈಯಲ್ಲೇ ಇಡಿ. 700 ಮಿಲಿ ಬಾಟಲಿಗೆ ನಾಲ್ಕು ಪಾಲು ನೀರು ಹಾಕಿದರೆ ಮೂರೂವರೆ ಲೀಟರ್, ಅಂದರೆ 200 ಮಿಲಿಯ 17 ಲೋಟ. ಬೆಲೆ 140 ರೂಪಾಯಿ ಇದ್ದರೆ ಲೋಟಕ್ಕೆ ಎಂಟು ರೂಪಾಯಿ ಚಿಲ್ಲರೆ. "ನಾಕ ಮಂದಿಗೆ ನಾಕ ದಿನ ಬರ್ತೈತ್ರಿ" ಅಂತ ಮುಗಿಸಿ. ಒಡೆದ ಮೇಲೆ ಎಷ್ಟು ದಿನ ಇಡಬಹುದು ಅನ್ನುವುದನ್ನೂ ಅಲ್ಲೇ ಹೇಳಿ. ಮೊದಲು ಹೇಳಿದ "ಖರ್ಚಾಗ್ತದಾ" ಪ್ರಶ್ನೆಗೆ ಉತ್ತರ ಇಷ್ಟೇ. ಬಾಟಲಿಯನ್ನು ಅವರ ಬುಟ್ಟಿಗೆ ನೀವೇ ಹಾಕಬೇಡಿ. ಕೈಗೆ ಕೊಡಿ, ಲೇಬಲ್ ಓದಲಿ.

"ಶುಗರ್ ಐತ್ರಿ" ಅನ್ನುವವರು ದಿನಕ್ಕೆ ಹತ್ತಾರು ಮಂದಿ ಸಿಗುತ್ತಾರೆ. "ಇದರಾಗ ಸಕ್ಕರಿ ಐತ್ರೀ, ನಿಮಗ ಬ್ಯಾಡ" ಅನ್ನಿ. ಅವರು ನಿಮ್ಮನ್ನು ನಂಬಿ ಮನೆಯವರಿಗೆ ಕೊಂಡದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಪಿತ್ತ ಇಳಿಯುತ್ತದೆ, ತೂಕ ಇಳಿಯುತ್ತದೆ, ಬಿ.ಪಿ. ಹೋಗುತ್ತದೆ ಅಂತೆಲ್ಲ ಹೇಳಬೇಡಿ. ರೋಗ ವಾಸಿ ಮಾಡುತ್ತದೆ ಅಂತ ಆಹಾರ ಮಾರುವುದು ಕಾನೂನಿಗೂ ವಿರುದ್ಧ. ಹಸಿಶುಂಠಿ ಬಿದ್ದಿದ್ದರೆ ಮೊದಲೇ ಹೇಳಿ. ಹುಬ್ಬಳ್ಳಿಯಲ್ಲಿ ಜೈನ ಮನೆಗಳು ಬಹಳ, ನೆಲದೊಳಗೆ ಬೆಳೆದದ್ದನ್ನು ತಿನ್ನದವರು ಇರುತ್ತಾರೆ. ಕುಡಿಸಿ ಆಮೇಲೆ ಹೇಳಿದರೆ ಆ ಗಿರಾಕಿ ಜನ್ಮಕ್ಕೆ ತಿರುಗಿ ಬರುವುದಿಲ್ಲ.

ಖರ್ಚಿನ ಲೆಕ್ಕ

ಉದಾಹರಣೆಗೆ ಒಂದು ದಿನ 150 ಕಪ್ ಅಂದುಕೊಳ್ಳಿ. ಕಪ್ಪಿಗೆ 25 ಮಿಲಿಯಂತೆ 3.75 ಲೀಟರ್. ಚೆಲ್ಲಿದ್ದು ಬಿದ್ದದ್ದು ಸೇರಿ ನಾಲ್ಕೂಕಾಲು ಲೀಟರ್. ಅದಕ್ಕೆ ಎರಡು ಬಾಟಲಿ ಒಡೆದರೆ ಮಿಗುತ್ತದೆ, 280 ರೂಪಾಯಿ. ಪೇಪರ್ ಕಪ್ಪು 90, ಐಸು 50, ನಿಲ್ಲುವವರ ಸಂಬಳ 700 ಅಂತ ಹಿಡಿಯೋಣ. ಒಟ್ಟು 1,120. ಒಂದು ಬಾಟಲಿಯಲ್ಲಿ ನಿಮಗೆ ಉಳಿಯುವುದು 35 ರೂಪಾಯಿ ಆದರೆ 32 ಬಾಟಲಿ ಹೋದಾಗ ಖರ್ಚು ಹುಟ್ಟುತ್ತದೆ.

ಗಮನಿಸಿ, ದೊಡ್ಡ ಖರ್ಚು ಮನುಷ್ಯರದು, ಶರಬತ್ತಿನದಲ್ಲ. ಹಾಗಾಗಿ ಶರಬತ್ತಿನಲ್ಲಿ ಜಿಪುಣತನ ಮಾಡಿ, ಮಾತು ಬಾರದ ಹುಡುಗನನ್ನು ಕಡಿಮೆ ದುಡ್ಡಿಗೆ ನಿಲ್ಲಿಸುವುದು ತಲೆಕೆಳಗಾದ ಲೆಕ್ಕ. ಆ ಭಾಗದ ಮಾತು ಬಲ್ಲ, ಗಿರಾಕಿಯನ್ನು ನೋಡಿ ನಗಬಲ್ಲ ಒಬ್ಬರು ಸಿಕ್ಕರೆ ನೂರು ರೂಪಾಯಿ ಜಾಸ್ತಿಯೇ ಕೊಡಿ. ನಮ್ಮಲ್ಲಿ ಶರಬತ್ತು ಮಾಡುವ ಹೆಣ್ಣುಮಕ್ಕಳೇ ನಿಂತ ದಿನ ಮಾರಾಟ ಬೇರೆಯೇ ಇರುತ್ತಿತ್ತು. "ನೀವ ಮಾಡ್ತೀರೇನ?" ಅಂತ ಕೇಳಿದವರಿಗೆ "ಹೌದ್ರೀ, ನಾವ" ಅಂದರೆ ಸಾಕಿತ್ತು.

ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಹೋಗಿ: ಕಪ್ ಎಷ್ಟು, ಬಾಟಲಿ ಎಷ್ಟು, ಯಾವ ಗಂಟೆಯಲ್ಲಿ. "ಸಿಹಿ ಜಾಸ್ತಿ", "ಬಾಟ್ಲಿ ದೊಡ್ಡದಾತು" ಅನ್ನುವ ಮಾತುಗಳನ್ನು ಹಾಗ್ಹಾಗೇ ಬರೆದುಕೊಳ್ಳಿ. ನಾವು 250 ಮಿಲಿಯ ಸಣ್ಣ ಬಾಟಲಿ ತಂದದ್ದು ಆ ಪುಸ್ತಕದಿಂದಲೇ. ಟೇಬಲ್ ಹಾಕದ ಹಿಂದಿನ ಭಾನುವಾರ ಎಷ್ಟು ಹೋಗಿತ್ತು ಅನ್ನುವುದನ್ನು ಅಂಗಡಿಯವರಿಂದ ಕೇಳಿ ಪಕ್ಕದಲ್ಲಿ ಬರೆಯಿರಿ.

ಮುಗಿಸುವಾಗ ಮಿಕ್ಕಿದ್ದನ್ನು ಮನೆಗೆ ಒಯ್ದು ಮರುದಿನ ತರಬೇಡಿ, ಚೆಲ್ಲಿ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಸಕ್ಕರೆಯ ಒಂದು ಹನಿ ಉಳಿದರೂ ಬೆಳಿಗ್ಗೆ ಇರುವೆ ಸಾಲು ಅಂಗಡಿಯವರನ್ನು ಸ್ವಾಗತಿಸುತ್ತದೆ.

ಎರಡು ವಾರ ಬಿಟ್ಟು ಟೇಬಲ್ ಇಲ್ಲದೆ, ಮಾಮೂಲಿ ಗಿರಾಕಿಯಂತೆ ಚೀಲ ಹಿಡಿದು ಅದೇ ಅಂಗಡಿಗೆ ಹೋಗಿ. ರ‍್ಯಾಕಿನ ಮುಂದೆ ನಿಂತು ನಿಮ್ಮ ಬಾಟಲಿಯ ಹೆಗಲ ಮೇಲೆ ಬೆರಳಾಡಿಸಿ. ಧೂಳು ಹತ್ತಿದರೆ ಅವತ್ತು ಕುಡಿದವರು ಬರೀ ಕುಡಿದು ಹೋಗಿದ್ದಾರೆ, ಮತ್ತೆ ಅಳತೆಯ ಲೋಟದಿಂದ ಶುರು ಮಾಡಿ. ಬಾಟಲಿ ಹೊಸದಾಗಿದ್ದು ಹಿಂದಿನ ಸಾಲು ಖಾಲಿ ಇದ್ದರೆ, ಅಲ್ಲಿಂದಲೇ ಮುಂದಿನ ಆರ್ಡರ್ ಬರೆಸಿಕೊಂಡು ಬನ್ನಿ.